ಮೊಣಕೈ ನೋವು ಮತ್ತು ಭೌತಚಿಕಿತ್ಸೆ: ದುಡಿಯುವ ಕೈಯನ್ನು ಉಳಿಸಿಕೊಳ್ಳುವ ಬಗೆ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಆರೋಗ್ಯ ಸಭೆಗಳಲ್ಲಿ ಡೆಂಗಿ, ಕ್ಷಯ, ರಕ್ತಹೀನತೆ, ಕುಡಿಯುವ ನೀರು ಮುಂತಾದವು ಚರ್ಚೆಗೆ ಬರುತ್ತವೆ, ಬರಬೇಕಾದದ್ದೇ. ಮೊಣಕೈ ನೋವು ಮಾತ್ರ ಯಾವ ಸಭೆಯ ನಡಾವಳಿಯಲ್ಲಿಯೂ ದಾಖಲಾಗುವುದಿಲ್ಲ. ಅದರಿಂದ ಯಾರೂ ಸಾಯುವುದಿಲ್ಲ, ಅದು ಹರಡುವುದಿಲ್ಲ, ಹೊರಗಿನಿಂದ ನೋಡಿದರೆ ಕೈಯಲ್ಲಿ ಊತವೂ ಕಾಣದು. ಆದರೆ ಬಲಗೈಯಲ್ಲಿ ತಂಬಿಗೆ ಎತ್ತಲಾಗದ ಕೂಲಿಗಾರ್ತಿಗೆ ಆ ದಿನದ ಕೂಲಿ ಇಲ್ಲ. ಎರಡು ಹೊತ್ತು ಹಸುವಿನ ಹಾಲು ಕರೆಯಬೇಕಾದ ಮನೆಯೊಡತಿಗೆ ರಜೆಯೂ ಇಲ್ಲ. ನೋವು ಆರು ತಿಂಗಳು ಉಳಿದರೆ ಒಂದು ಬೆಳೆಯ ಹಂಗಾಮೇ ಕಳೆದುಹೋಗುತ್ತದೆ. ಈ ಕಾರಣದಿಂದ ಇದು ಪಂಚಾಯಿತಿಯ ಗಮನಕ್ಕೆ ಬರತಕ್ಕ ವಿಷಯ.

ಈ ನೋವಿಗೆ ಜಗತ್ತಿನಲ್ಲಿ ಪ್ರಚಲಿತವಾಗಿರುವ ಹೆಸರು ಟೆನ್ನಿಸ್ ಎಲ್ಬೋ. ಹೆಸರು ಕೇಳಿದವರಿಗೆ ಇದು ಶ್ರೀಮಂತರ ಆಟದ ಕಾಯಿಲೆಯೆಂದು ತೋರುವುದು ಸಹಜ. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯರು ಇದನ್ನು ಮೊದಲು ವರ್ಣಿಸಿದಾಗ ಅವರ ಮುಂದೆ ಇದ್ದ ಸಮಸ್ಯೆ ಬರವಣಿಗೆಯಿಂದ ಬರುವ ಕೈನೋವು. ಅದಾದ ಸುಮಾರು ಒಂದು ದಶಕದ ಬಳಿಕ ಇಂಗ್ಲೆಂಡಿನಲ್ಲಿ ಹುಲ್ಲುಹಾಸಿನ ಟೆನ್ನಿಸ್ ಜನಪ್ರಿಯವಾದಾಗ ಆಟದ ಹೆಸರು ಈ ನೋವಿಗೆ ಅಂಟಿಕೊಂಡಿತು. ವಾಸ್ತವವಾಗಿ ಈ ತೊಂದರೆಯಿಂದ ಬಳಲುವವರಲ್ಲಿ ಟೆನ್ನಿಸ್ ಆಡುವವರು ನೂರಕ್ಕೆ ಹತ್ತು ಮಂದಿಯನ್ನೂ ಮೀರುವುದಿಲ್ಲ. ನಮ್ಮ ಜನರಿಗೆ ಈ ಹೆಸರು ಪರಿಚಯವಾದದ್ದು ಸಚಿನ್ ತೆಂಡೂಲ್ಕರರಿಂದ. 2004ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಪಂದ್ಯದಲ್ಲಿ ಅವರು ಆಡಲಿಲ್ಲ, ಕಾರಣ ಮೊಣಕೈ. 2005ರಲ್ಲಿ ಲಂಡನ್ನಿನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಬ್ಯಾಟು ಹಿಡಿದ ಕೈಗೆ ಬಂದಾಗ ದೇಶವೇ ಮಾತಾಡಿದ ಈ ನೋವು ಗುದ್ದಲಿ ಹಿಡಿದ ಕೈಗೆ ಬಂದಾಗ ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ.

ನೋವಿನ ಮೂಲ ಇಂತಿದೆ. ಮೊಣಕೈಯ ಹೊರಬದಿಯಲ್ಲಿ ಕೈಗೆ ಸಿಗುವ ಒಂದು ಮೂಳೆಯ ಗುಬುಟು ಇದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ತಮ್ಮ ರಜ್ಜುವಿನ ಮೂಲಕ ಆ ಗುಬುಟಿಗೆ ಅಂಟಿಕೊಂಡಿರುತ್ತವೆ. ಏನನ್ನೇ ಬಿಗಿಯಾಗಿ ಹಿಡಿಯಲಿ, ಮಣಿಕಟ್ಟು ಕೆಳಗೆ ಮಡಿಸಿಹೋಗದಂತೆ ಈ ಸ್ನಾಯುಗಳು ಎಳೆದು ನಿಲ್ಲಿಸುತ್ತವೆ. ಆದುದರಿಂದ ಹಿಡಿಯುವ, ಹಿಂಡುವ, ತಿರುಚುವ ಪ್ರತಿಯೊಂದು ಕೆಲಸದ ಭಾರವೂ ಕೊನೆಗೆ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ದಿನವೂ ನೀರು ಸೇದುವ ಹಗ್ಗ ರಾಟೆಯ ಬಳಿ ಎಳೆಎಳೆಯಾಗಿ ಸವೆಯುವಂತೆ ಆ ರಜ್ಜು ಸವೆಯುತ್ತದೆ. ಇದನ್ನು ಬಹಳ ಕಾಲ ಉರಿಯೂತವೆಂದೇ ತಿಳಿಯಲಾಗಿತ್ತು. 1979ರಲ್ಲಿ ಅಮೆರಿಕದ ನಿರ್ಶ್ಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು ಪ್ರಕಟಿಸಿದ ವರದಿಯೂ ಅನಂತರದ ಪರೀಕ್ಷೆಗಳೂ ಬೇರೆ ಚಿತ್ರವನ್ನು ಕೊಟ್ಟವು: ಹಳೆಯ ನೋವಿನ ರಜ್ಜುವಿನಲ್ಲಿ ಉರಿಯೂತದ ಲಕ್ಷಣ ಅಲ್ಪ, ಅಲ್ಲಿ ಕಾಣುವುದು ಸವೆತ ಮತ್ತು ಅರೆಬರೆಯಾಗಿ ನಿಂತುಹೋದ ದುರಸ್ತಿ. ಈ ವ್ಯತ್ಯಾಸ ಪಂಡಿತರ ವಾದವಷ್ಟೇ ಅಲ್ಲ. ಉರಿಯೂತವಾದರೆ ಅದನ್ನು ತಣಿಸುವ ಔಷಧ ಸಾಕು; ಸವೆತವಾದರೆ ರಜ್ಜುವಿಗೆ ಮತ್ತೆ ಬಲ ಬರಬೇಕು. ಆ ಬಲ ಮಾತ್ರೆಯಿಂದ ಬರುವುದಿಲ್ಲ, ಅಳತೆಯರಿತ ವ್ಯಾಯಾಮದಿಂದ ಬರುತ್ತದೆ. ಭೌತಚಿಕಿತ್ಸೆಯ ತಳಹದಿ ಇದೇ.

ವಯಸ್ಕರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಈ ನೋವು ಬರುತ್ತದೆಂದು ಅಧ್ಯಯನಗಳು ತಿಳಿಸುತ್ತವೆ; ಮೂವತ್ತೈದು ದಾಟಿದವರಿಂದ ಐವತ್ತೈದರ ಒಳಗಿನವರಲ್ಲಿ ಹೆಚ್ಚು. ಅಂದರೆ ದುಡಿಮೆಯ ನಡುಪ್ರಾಯದಲ್ಲಿ. ಈ ನಾಲ್ಕು ತಾಲ್ಲೂಕುಗಳ ಕೆಲಸಗಳನ್ನು ನೆನೆದರೆ ಕಾರಣಗಳನ್ನು ದೂರ ಹುಡುಕಬೇಕಿಲ್ಲ. ಪಾವಗಡ, ಶಿರಾ, ಮಧುಗಿರಿಯ ಕೆಂಪು ನೆಲದಲ್ಲಿ ಕಡಲೆಕಾಯಿ ಗಿಡ ಕೀಳುವುದು, ಮರುದಿನ ಕುಳಿತು ಕಾಯಿ ಬಿಡಿಸುವುದು, ಕೊರಟಗೆರೆಯ ತೋಟಗಳಲ್ಲಿ ಅಡಿಕೆ ಸುಲಿಯುವುದು, ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು, ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆಯ ಮಗ್ಗಗಳು. ಕಲ್ಲು ಒಡೆಯುವವರ ಸುತ್ತಿಗೆ. ಉದ್ಯೋಗ ಖಾತರಿಯ ಕೆರೆ ಹೂಳಿನಲ್ಲಿ ಹಾರೆ, ಗುದ್ದಲಿ, ಮಣ್ಣು ತುಂಬಿದ ಬಾಂಡ್ಲಿ. ಇವೆಲ್ಲ ಮುಗಿದ ಮೇಲೆ ಮನೆಯ ಕೆಲಸ. ಒದ್ದೆ ಬಟ್ಟೆ ಹಿಂಡುವುದು, ಹಾಲು ಕರೆಯುವುದು, ಕುದಿಯುವ ಪಾತ್ರೆಯಲ್ಲಿ ರಾಗಿ ಹಿಟ್ಟನ್ನು ಕೋಲಿನಿಂದ ತೊಳಸುವುದು. ಹಿಟ್ಟು ಗಟ್ಟಿಯಾಗುತ್ತ ಬಂದಾಗ ಕೋಲು ಹಿಡಿದ ಕೈಯ ಮೇಲೆ ಬೀಳುವ ತಿರುಚು ಎಷ್ಟೆಂಬುದನ್ನು ತೊಳಸಿದವರೇ ಬಲ್ಲರು. ಶಾಲೆಯ ಬಿಸಿಯೂಟದ ಅಡುಗೆಯವರು ದೊಡ್ಡ ಪಾತ್ರೆಗಳಲ್ಲಿ ಸೌಟು ತಿರುಗಿಸುವುದನ್ನು ಸದಸ್ಯರು ಶಾಲಾ ಭೇಟಿಯ ವೇಳೆ ಕಂಡೇ ಇರುತ್ತಾರೆ. ಗಂಡಸರ ಕೈಗೆ ಕೂಲಿಯ ನಂತರ ಸ್ವಲ್ಪ ಬಿಡುವಾದರೂ ಇದೆ. ಹೆಂಗಸರ ಕೈಗೆ ಅದೂ ಇಲ್ಲ. ಚಿಕಿತ್ಸೆಯ ಮಾತು ಬಂದಾಗ ಈ ಸಂಗತಿಯನ್ನು ಮರೆತು ಕೈಗೆ ವಿಶ್ರಾಂತಿ ಕೊಡಿರೆಂದು ಹೇಳಿ ಕಳುಹಿಸುವುದು ಅರ್ಥವಿಲ್ಲದ ಉಪದೇಶವಾಗುತ್ತದೆ.

ನೋವನ್ನು ಗುರುತಿಸುವುದು ಕಷ್ಟವಲ್ಲ. ಮೊಣಕೈಯ ಹೊರಗುಬುಟನ್ನು ಬೆರಳಿನಿಂದ ಒತ್ತಿದರೆ ಚುರುಕ್ ಎನ್ನುತ್ತದೆ. ಅಂಗೈ ಕೆಳಮುಖವಾಗಿಟ್ಟು ಕುರ್ಚಿ ಎತ್ತಿದರೆ ನೋವು ಮುಂದೋಳಿನುದ್ದಕ್ಕೂ ಇಳಿಯುತ್ತದೆ; ಅದೇ ಕುರ್ಚಿಯನ್ನು ಅಂಗೈ ಮೇಲ್ಮುಖವಾಗಿಟ್ಟು ಎತ್ತಿದರೆ ಅಷ್ಟಿಲ್ಲ. ಕೈಯನ್ನು ನೇರ ಚಾಚಿ ನಡುಬೆರಳನ್ನು ಮೇಲೆತ್ತುವಾಗ ಇನ್ನೊಬ್ಬರು ಅದನ್ನು ಕೆಳಗೆ ಒತ್ತಿ ತಡೆದರೂ ಅದೇ ಜಾಗದಲ್ಲಿ ನೋವು ಕಾಣಿಸುತ್ತದೆ. ಇಷ್ಟಕ್ಕೆ ಎಕ್ಸ್-ರೇ ಸಾಮಾನ್ಯವಾಗಿ ಬೇಕಿಲ್ಲ.

ಆದರೆ ಮೊಣಕೈ ನೋವೆಲ್ಲವೂ ಇದೇ ಅಲ್ಲ. ಈ ಭಾಗದಲ್ಲಿ ಎರಡು ವಿಷಯಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಮೊದಲನೆಯದು ಫ್ಲೋರೈಡು. ಪಾವಗಡ ಮತ್ತು ಸುತ್ತಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದು ಹೊಸ ಸುದ್ದಿಯಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಅದನ್ನು ಮೀರಿದ ನೀರನ್ನು ದಶಕಗಳ ಕಾಲ ಕುಡಿದವರ ಮೂಳೆಗಳಲ್ಲಿ, ಕೀಲುಗಳ ಸುತ್ತಲಿನ ರಜ್ಜುಗಳಲ್ಲಿ ಫ್ಲೋರೈಡು ಸೇರಿ ಅವು ಗಡುಸಾಗುತ್ತವೆ. ಆಗ ಎರಡೂ ಮೊಣಕೈಗಳು ಪೂರ್ತಿ ನೇರವಾಗುವುದಿಲ್ಲ. ಜೊತೆಗೆ ಕುತ್ತಿಗೆ, ಬೆನ್ನು ಬಿಗಿದಿರುತ್ತವೆ. ಒಂದೇ ಕೈಯಲ್ಲಿ, ಹೊರಗುಬುಟಿನಲ್ಲಿ ಮಾತ್ರ ಇರುವ ನೋವು ಬೇರೆ. ಎರಡೂ ಕೈ ಬಗ್ಗಿ ನಿಂತಿರುವುದು ಬೇರೆ. ಎರಡನೆಯದಕ್ಕೆ ಇಲ್ಲಿ ಹೇಳುವ ವ್ಯಾಯಾಮ ಉತ್ತರವಲ್ಲ. ಅಂಥವರನ್ನು ವೈದ್ಯರ ಬಳಿಗೆ ಕಳುಹಿಸುವುದರ ಜೊತೆಗೆ ಅವರ ಮನೆಯ ನೀರಿನ ಮೂಲವನ್ನೂ ಪರೀಕ್ಷೆ ಮಾಡಿಸಬೇಕು. ಹೊಸ ನೀರು ಬಂದಿದೆಯೆಂದ ಮಾತ್ರಕ್ಕೆ ಮೂಳೆಗೆ ಸೇರಿದ್ದು ಕೂಡಲೇ ಹೋಗುವುದಿಲ್ಲ.

ಎರಡನೆಯದು ಮರಗಟ್ಟುವಿಕೆ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುವುದು, ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇರುವುದು, ಮೊಣಕೈಯ ಒಳಬದಿಯಲ್ಲಿ ನರ ಹುರಿಯಂತೆ ದಪ್ಪವಾಗಿ ಕೈಗೆ ಸಿಗುವುದು: ಇವು ಕುಷ್ಠರೋಗದ ಸೂಚನೆಗಳಾಗಿರಬಹುದು. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ದೀರ್ಘಕಾಲದಿಂದ ಈ ರೋಗದ ನಿವಾರಣೆಗೆ ದುಡಿದಿರುವುದರಿಂದ ಆ ತಾಲ್ಲೂಕಿನ ಸದಸ್ಯರಿಗೆ ಇದನ್ನು ವಿವರಿಸಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತ. ತಡವಾದರೆ ನರಕ್ಕಾದ ಹಾನಿ ಮರಳಿ ಸರಿಯಾಗದು. ಇವಲ್ಲದೆ ಬಿದ್ದ ನಂತರ ಬಂದ ನೋವು, ಕೀಲು ಊದಿ ಬಿಸಿಯಾಗಿ ಜ್ವರ ಬರುವುದು, ಕುತ್ತಿಗೆಯಿಂದ ತೋಳಿಗೆ ಇಳಿಯುವ ಸೆಳೆತ ಇದ್ದರೆ ವೈದ್ಯರೇ ನೋಡಬೇಕು. ಎಡಗೈ ನೋವಿನೊಡನೆ ಎದೆ ಬಿಗಿತ, ಬೆವರು ಇದ್ದರೆ ಅದು ಮೊಣಕೈಯ ವಿಷಯವೇ ಅಲ್ಲ. ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಹಳ್ಳಿಯಲ್ಲಿ ಕೈನೋವು ಬಂದವರು ತುಳಿಯುವ ದಾರಿ ಬಹುಮಟ್ಟಿಗೆ ಒಂದೇ. ಮೊದಲು ಎಣ್ಣೆ ಹಚ್ಚಿ ನೀವಿಸುವುದು, ಉಳುಕೆಂದು ಎಳೆಸುವುದು, ಕೆಲವೆಡೆ ಬರೆ ಹಾಕಿಸುವುದು. ಮೂಳೆ ಮುರಿಯದ ಕೈಗೂ ಗಟ್ಟಿ ಕಟ್ಟು ಕಟ್ಟಿಸಿಕೊಂಡು ವಾರಗಟ್ಟಲೆ ಕೂರುವವರಿದ್ದಾರೆ. ಹಿತವಾಗಿ ನೀವುವುದರಿಂದ ಕೇಡಿಲ್ಲ, ಸ್ವಲ್ಪ ಹೊತ್ತು ಸಮಾಧಾನವೂ ಸಿಗುತ್ತದೆ. ಬರೆಯಿಂದ ಗಾಯವಲ್ಲದೆ ಬೇರೇನೂ ಬಾರದು. ಗಟ್ಟಿ ಕಟ್ಟಿನಿಂದ ಕೀಲು ಬಿಗಿದು ಸ್ನಾಯು ಸೊರಗುತ್ತದೆ. ಕಟ್ಟು ಬಿಚ್ಚಿದ ಮೇಲೆ ಹಳೆಯ ಭಾರವನ್ನೇ ಇನ್ನಷ್ಟು ದುರ್ಬಲವಾದ ಕೈ ಹೊರಬೇಕಾಗುತ್ತದೆ. ಆಮೇಲೆ ಅಂಗಡಿಯ ನೋವಿನ ಮಾತ್ರೆ. ಬಿಸಿಲಿನಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿದ ದೇಹಕ್ಕೆ ದಿನವೂ ನೋವಿನ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಬರಿಹೊಟ್ಟೆಯಲ್ಲಿ ನುಂಗಿದರೆ ಜಠರದ ಹುಣ್ಣು.

ಕೊನೆಗೆ ಬರುವುದು ಸೂಜಿ. ನೋವಿನ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಕೆಲವೇ ದಿನಗಳಲ್ಲಿ ನೋವು ಮಾಯವಾಗುತ್ತದೆ. ಈ ಕಾರಣಕ್ಕೇ ಅದರ ಮೇಲೆ ಜನರಿಗೆ ಅಪಾರ ನಂಬಿಕೆ. ಈ ನಂಬಿಕೆಯನ್ನು ಹಲವು ದೇಶಗಳಲ್ಲಿ ಒರೆಗೆ ಹಚ್ಚಿ ನೋಡಲಾಗಿದೆ. 2002ರಲ್ಲಿ ನೆದರ್ಲೆಂಡಿನಲ್ಲಿ 185 ರೋಗಿಗಳನ್ನು ಮೂರು ಗುಂಪು ಮಾಡಿ ಒಂದು ಗುಂಪಿಗೆ ಸೂಜಿ, ಒಂದಕ್ಕೆ ಭೌತಚಿಕಿತ್ಸೆ, ಇನ್ನೊಂದಕ್ಕೆ ಸಲಹೆಯೊಡನೆ ಕಾಯುವಿಕೆ ಎಂದು ಗೊತ್ತುಪಡಿಸಲಾಯಿತು. ಆರು ವಾರದ ಹೊತ್ತಿಗೆ ಸೂಜಿಯವರಲ್ಲಿ ಶೇ 92 ಮಂದಿ ಗುಣಮುಖರು, ಭೌತಚಿಕಿತ್ಸೆಯವರಲ್ಲಿ ಶೇ 47, ಕಾದವರಲ್ಲಿ ಶೇ 32. ಅಲ್ಲಿಗೇ ನಿಲ್ಲಿಸಿದ್ದರೆ ಸೂಜಿಯೇ ಗೆದ್ದಂತೆ. ಒಂದು ವರ್ಷ ತುಂಬಿದಾಗ ಲೆಕ್ಕ ತಿರುಗಿಬಿದ್ದಿತು: ಸೂಜಿಯವರು ಶೇ 69, ಭೌತಚಿಕಿತ್ಸೆಯವರು ಶೇ 91, ಏನನ್ನೂ ಮಾಡದೆ ಕಾದವರೇ ಶೇ 83. 2006ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ 198 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಸೂಜಿ ಪಡೆದು ಮೊದಲು ಗುಣವಾದವರ ಪೈಕಿ ಶೇ 72 ಮಂದಿಗೆ ನೋವು ಮರುಕಳಿಸಿತು. 2013ರಲ್ಲಿ ಅದೇ ದೇಶದ ಇನ್ನೊಂದು ಅಧ್ಯಯನವೂ ಇದನ್ನೇ ದೃಢಪಡಿಸಿತು.

ಕಾರಣ ಊಹಿಸಬಹುದಾದದ್ದೇ. ನೋವು ನಿಂತ ಮಾತ್ರಕ್ಕೆ ರಜ್ಜು ಗಟ್ಟಿಯಾಗಿರುವುದಿಲ್ಲ. ನೋವಿಲ್ಲವೆಂದು ಮರುದಿನವೇ ಹಾರೆ ಹಿಡಿದರೆ ಸವೆದ ಹಗ್ಗಕ್ಕೆ ಪೂರ್ತಿ ಕೊಡ ಕಟ್ಟಿದಂತೆ. ಸೂಜಿ ಬಿದ್ದ ಜಾಗದಲ್ಲಿ ಚರ್ಮ ತೆಳುವಾಗಿ ಬಿಳಿಚುವುದೂ ಉಂಟು; ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತದ ಸಕ್ಕರೆ ಏರುತ್ತದೆ. ನಾಳೆಯ ಕೂಲಿ ತಪ್ಪಬಾರದೆಂದು ಸೂಜಿ ಕೇಳುವ ಕೂಲಿಗಾರನನ್ನು ದೂರುವಂತಿಲ್ಲ. ಆದರೆ ಆ ಸೂಜಿಗೆ ಮುಂದಿನ ಹಂಗಾಮಿನ ಕೂಲಿಯನ್ನು ಒತ್ತೆ ಇಡುತ್ತಿದ್ದಾನೆಂಬುದನ್ನು ಅವನಿಗೆ ಯಾರಾದರೂ ತಿಳಿಸಬೇಕು.

ಭೌತಚಿಕಿತ್ಸೆಯನ್ನೂ ಅತಿಶಯವಾಗಿ ಹೊಗಳುವುದು ತರವಲ್ಲ. ಮೇಲಿನ ಅಂಕಿಗಳಲ್ಲಿ ಭೌತಚಿಕಿತ್ಸೆಗೂ ಬರಿಯ ಕಾಯುವಿಕೆಗೂ ವರ್ಷದ ಕೊನೆಯಲ್ಲಿ ಉಳಿಯುವ ಅಂತರ ಅಲ್ಪ. ಅದರ ನಿಜವಾದ ಉಪಯೋಗ ಮೊದಲ ತಿಂಗಳುಗಳಲ್ಲಿದೆ: ಸುಮ್ಮನೆ ಕಾಯುವವರಿಗಿಂತ ಬೇಗ ಕೈ ಕೆಲಸಕ್ಕೆ ಬರುತ್ತದೆ, ಮಾತ್ರೆಯ ಅವಲಂಬನೆ ತಗ್ಗುತ್ತದೆ. ದಿನಗೂಲಿಯವರಿಗೆ ಆ ತಿಂಗಳುಗಳೇ ಮುಖ್ಯ.

ಚಿಕಿತ್ಸೆಯ ಕ್ರಮ ಸರಳವಾದುದು. ಫಿಸಿಯೋಥೆರಪಿಸ್ಟರು ಒಮ್ಮೆ ಪರೀಕ್ಷಿಸಿ ಕಲಿಸಿಕೊಟ್ಟ ನಂತರ ಮನೆಯ ಜಗಲಿಯಲ್ಲೇ ಮಾಡಬಹುದಾದದ್ದು. ಮೊದಲ ಒಂದೆರಡು ವಾರ ಕೈಯನ್ನು ಅಲುಗಿಸದೆ ಬಲ ಹಾಕುವ ವ್ಯಾಯಾಮ. ಮೊಣಕೈ ಮಡಿಸಿ, ಮುಂದೋಳನ್ನು ತೊಡೆಯ ಮೇಲೆ ಅಂಗೈ ಕೆಳಗಾಗಿ ಇಟ್ಟು, ಇನ್ನೊಂದು ಕೈಯಿಂದ ಮುಷ್ಟಿಯ ಮೇಲೆ ಒತ್ತಬೇಕು. ನೋಯುವ ಕೈ ಮೇಲಕ್ಕೆತ್ತಲು ಯತ್ನಿಸಬೇಕು, ಆದರೆ ಮಣಿಕಟ್ಟು ಅಲುಗಬಾರದು. ಮೂವತ್ತರಿಂದ ನಲವತ್ತೈದು ಎಣಿಸುವವರೆಗೆ ಹಿಡಿದು ಬಿಡುವುದು, ಹೀಗೆ ನಾಲ್ಕೈದು ಬಾರಿ. ಇದರಿಂದ ನೋವೂ ಸ್ವಲ್ಪ ಇಳಿಯುತ್ತದೆ.

ಅನಂತರ ಮುಖ್ಯ ವ್ಯಾಯಾಮ. ಮುಂದೋಳನ್ನು ಜಗಲಿಯ ಅಥವಾ ಮೇಜಿನ ಅಂಚಿನಲ್ಲಿಟ್ಟು ಮಣಿಕಟ್ಟು ಹೊರಗೆ ಚಾಚಿರಲಿ, ಅಂಗೈ ಕೆಳಮುಖವಾಗಿರಲಿ. ಕೈಯಲ್ಲಿ ಅರ್ಧ ಲೀಟರಿನ ನೀರು ತುಂಬಿದ ಬಾಟಲಿ. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ, ಸಹಾಯ ಬಿಟ್ಟು, ನಾಲ್ಕು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಬೇಕು. ಏರಿಸುವುದಕ್ಕಿಂತ ನಿಧಾನವಾಗಿ ಇಳಿಸುವುದರಲ್ಲೇ ಗುಣವಿದೆ. ಇಳಿಸುವಾಗ ಸ್ನಾಯು ಉದ್ದವಾಗುತ್ತ ಭಾರ ತಡೆಯುತ್ತದೆ, ರಜ್ಜುವಿನ ಎಳೆಗಳು ಮತ್ತೆ ಸಾಲುಗೂಡಲು ಅದು ಪ್ರೇರಣೆ. ಹತ್ತರಿಂದ ಹದಿನೈದು ಸಲ, ನಡುವೆ ಬಿಡುವು ಕೊಟ್ಟು ಮೂರು ಸುತ್ತು, ದಿನಕ್ಕೊಮ್ಮೆ. ಸಲೀಸಾದಂತೆ ಒಂದು ಲೀಟರಿನ ಬಾಟಲಿ. ನಗರದ ಕ್ಲಿನಿಕ್ಕುಗಳಲ್ಲಿ ತಿರುಚಲು ರಬ್ಬರಿನ ದಂಡ ಕೊಡುತ್ತಾರೆ. ಸುತ್ತಿದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನಿಧಾನವಾಗಿ ಬಿಡುವುದು ಅದಕ್ಕೆ ಸಮೀಪದ್ದು. ಕೈ ನೇರ ಚಾಚಿ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಕೆಳಗೆ ಬಾಗಿಸಿ ಹಿಗ್ಗಿಸುವುದನ್ನೂ ದಿನಕ್ಕೆ ಮೂರು ಬಾರಿ ಮಾಡಬಹುದು.

ವ್ಯಾಯಾಮದ ವೇಳೆ ನೋವು ಬಂದರೆ ನಿಲ್ಲಿಸಬೇಕೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ರೂಪಾಯಿಗೆ ನಾಲ್ಕಾಣೆ, ಆರಾಣೆಯಷ್ಟು ನೋವು ಸಹಜ; ಮರುದಿನ ಬೆಳಿಗ್ಗೆ ಅದು ಇಳಿದಿದ್ದರೆ ಮುಂದುವರಿಸಬಹುದು. ಹನ್ನೆರಡಾಣೆಯಾದರೆ ಅಥವಾ ರಾತ್ರಿ ನಿದ್ದೆ ಕೆಡಿಸಿದರೆ ಭಾರ ಇಳಿಸಬೇಕು. ಆರರಿಂದ ಹನ್ನೆರಡು ವಾರ ಬಿಡದೆ ಮಾಡಬೇಕು. ಎರಡನೆಯ ವಾರದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡುವವರೇ ಬಹುಮಂದಿ. ಮೊಣಕೈಯಿಂದ ಎರಡು ಬೆರಳು ಕೆಳಗೆ ಕಟ್ಟುವ ಪಟ್ಟಿ ಕೆಲಸದ ವೇಳೆ ನೆರವಾಗಬಹುದು. ಅದನ್ನು ಮೊಣಕೈಯ ಮೇಲೆಯೇ ಬಿಗಿಯುವುದು, ರಾತ್ರಿಯೂ ಕಟ್ಟಿಕೊಂಡು ಮಲಗುವುದು ತಪ್ಪು. ಇಷ್ಟೆಲ್ಲ ಮಾಡಿಯೂ ಆರು ತಿಂಗಳಿನಿಂದ ವರ್ಷದವರೆಗೆ ಗುಣವಾಗದ ಕೆಲವರಿಗೆ ಮಾತ್ರ ಮೂಳೆತಜ್ಞರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ.

ಕೆಲಸ ಬಿಡಲಾಗದವರು ಕೆಲಸದ ರೀತಿಯನ್ನಾದರೂ ಬದಲಿಸಬೇಕು. ಬಿಂದಿಗೆಯನ್ನು ಅಂಗೈ ಕೆಳಗಿಟ್ಟು ಚಾಚಿದ ಕೈಯಲ್ಲಿ ಎತ್ತುವ ಬದಲು ಅಂಗೈ ಮೇಲಾಗಿ, ಮೊಣಕೈ ಮೈಗೆ ತಾಗಿಸಿ ಎತ್ತುವುದು. ಒದ್ದೆ ಸೀರೆಯನ್ನು ನಲ್ಲಿಗೆ ಸುತ್ತಿ ಎರಡೂ ಕೈಯಿಂದ ಒಂದೇ ಕಡೆಗೆ ತಿರುಚುವುದು ಅಥವಾ ಹಿಂಡದೆ ನೀರು ಸೋರಲು ಬಿಡುವುದು. ಕೆಚ್ಚಲಿನ ನಡುವೆ ಕೈ ಬದಲಿಸುವುದು, ಮನೆಯ ಗಂಡಸರು ಒಂದು ಹೊತ್ತಾದರೂ ಹಾಲು ಕರೆಯುವುದು. ಹಿಟ್ಟು ತೊಳಸುವಾಗ ಪಾತ್ರೆಯನ್ನು ಕವಲುಗೋಲಿನಿಂದ ಅದುಮಿ ನಿಲ್ಲಿಸಿಕೊಂಡರೆ ಒಂದೇ ಕೈಯ ಮೇಲಿನ ತಿರುಚು ತಗ್ಗುತ್ತದೆ.

ಗುದ್ದಲಿ, ಹಾರೆಗಳ ಹಿಡಿಯೂ ಗಮನಿಸತಕ್ಕದ್ದು. ತೀರ ಸಣ್ಣ ಹಿಡಿಯನ್ನು ಹೆಚ್ಚು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಟೆನ್ನಿಸ್ ಬ್ಯಾಟಿನ ಹಿಡಿಗೆ ಮೇಲೆ ಹೇಳಿದ ನಿರ್ಶ್ಲ್ ಒಂದು ಅಳತೆ ಸೂಚಿಸಿದ್ದರು: ಉಂಗುರ ಬೆರಳಿನ ತುದಿಯಿಂದ ಅಂಗೈಯ ನಡುಗೆರೆಯವರೆಗಿನ ಉದ್ದವೇ ಹಿಡಿಯ ಸುತ್ತಳತೆ. ಗುದ್ದಲಿಗೂ ಅದನ್ನು ಸುಮಾರಾಗಿ ಅನ್ವಯಿಸಿಕೊಳ್ಳಬಹುದು. ಸಣ್ಣ ಕಾವಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದರೆ ಹಿಡಿ ದಪ್ಪವೂ ಆಗುತ್ತದೆ, ಕಲ್ಲಿಗೆ ಬಡಿದಾಗ ಬರುವ ಅದಿರನ್ನೂ ತಗ್ಗಿಸುತ್ತದೆ.

ಪಂಚಾಯಿತಿಗಳಿಂದ ಆಗಬಹುದಾದ ಕೆಲಸಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಬ್ರಿಸ್ಬೇನಿನ ಅಧ್ಯಯನದಲ್ಲಿ ಭೌತಚಿಕಿತ್ಸೆಗೆ ಎಂಟು ಭೇಟಿಗಳಿದ್ದವು. ನಾಗಲಮಡಿಕೆಯ ಕಡೆಯ ಹಳ್ಳಿಯಿಂದ ಪಾವಗಡಕ್ಕೆ, ಬುಕ್ಕಾಪಟ್ಟಣದ ಕಡೆಯಿಂದ ಶಿರಾಕ್ಕೆ ಎಂಟು ಬಾರಿ ಹೋಗಿಬರುವುದೆಂದರೆ ಎಂಟು ದಿನದ ಕೂಲಿಯೂ ಬಸ್ ಚಾರ್ಜೂ ಹೋದಂತೆ. ಆದುದರಿಂದ ಎರಡು ಮೂರು ಭೇಟಿ, ಉಳಿದದ್ದು ಊರಿನಲ್ಲೇ ಎಂಬ ಏರ್ಪಾಡು ಹೆಚ್ಚು ಕಾರ್ಯಸಾಧ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ಭೌತಚಿಕಿತ್ಸೆ ಯಾವ ದಿನ, ಯಾವ ವೇಳೆಯಲ್ಲಿ ದೊರೆಯುತ್ತದೆಂಬುದನ್ನು ಕೇಳಿ ತಿಳಿದು ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸಬಹುದು. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗಳು ಇ-ಸಂಜೀವಿನಿಯ ಮೂಲಕ ವೈದ್ಯರ ಸಲಹೆ ಕೊಡಿಸಬಲ್ಲರು. ಆಶಾ ಕಾರ್ಯಕರ್ತೆಯರೂ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ವ್ಯಾಯಾಮಗಳನ್ನು ಒಮ್ಮೆ ಸರಿಯಾಗಿ ಕಲಿತರೆ ವಾರಕ್ಕೊಮ್ಮೆ ವಿಚಾರಿಸಿಕೊಳ್ಳುವುದು ಕಷ್ಟವಾಗದು. ಇಲ್ಲಿ ಒಂದು ಮಾತು: ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಮೀಸಲಿರುವ ಶೇ 5ರ ಹಣಕ್ಕೆ ಈ ಬಾಬತ್ತಿನಲ್ಲಿ ಕೈ ಹಾಕಕೂಡದು. ಮೊಣಕೈ ನೋವು ಅಂಗವಿಕಲತೆಯಲ್ಲ. ಆ ಹಣ ಅವರದೇ.

ಕಾಮಗಾರಿಯ ಸ್ಥಳದಲ್ಲಿ ಕಾಯಕ ಬಂಧುಗಳಿಗೆ ಸೂಚನೆ ಕೊಟ್ಟು ಅಗೆಯುವವರನ್ನೂ ಮಣ್ಣು ಹೊರುವವರನ್ನೂ ಹೊತ್ತಿಗೊಮ್ಮೆ ಅದಲುಬದಲು ಮಾಡಿಸಬಹುದು. ಕೈನೋವಿರುವವರಿಗೆ ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ವಹಿಸಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಕೈ ಎತ್ತಲಾಗದವರು ಊರಿನಲ್ಲಿ ಎಷ್ಟು ಮಂದಿ, ಅವರಲ್ಲಿ ಎರಡೂ ಕೈ ನೇರವಾಗದವರು ಎಷ್ಟು, ಸೂಜಿ ಚುಚ್ಚಿಸಿಕೊಂಡವರು ಎಷ್ಟು ಎಂದು ಬರೆದುಕೊಂಡರೆ ಕೆಲಸ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ. ಕಡಲೆಕಾಯಿ ಕೀಳುವ ಹಂಗಾಮಿಗೆ ಮೊದಲೇ ಆ ಪಟ್ಟಿ ಸಿದ್ಧವಾದರೆ ಹನ್ನೆರಡು ವಾರದ ವ್ಯಾಯಾಮಕ್ಕೆ ಸಮಯ ಸಿಗುತ್ತದೆ.